ಅವಳ ಹೇಳಿಕೆ ಕನ್ನಡದಲ್ಲೇ ಇರಲಿ

ಮೊದಲ ಸಲ ನನ್ನ ಎದುರು ಬಂದು ಕುಳಿತಾಗ ಅವಳು ಠಾಣೆಯ ಸುದ್ದಿಯನ್ನೇ ಎತ್ತಲಿಲ್ಲ. ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾ ಕೋರ್ಟಿನ ಹಿಂದೆ ತಗಡಿನ ಶೆಡ್ಡಿನ ಕೆಳಗೆ ನಾವು ವಕೀಲರು ಮೇಜು ಹಾಕಿಕೊಂಡು ಕೂರುತ್ತೇವೆ. ಜೊತೆಗೆ ಅವಳ ತಾಯಿ ಇದ್ದಳು. ಅವಳು ಅರ್ಧ ಗಂಟೆ ತನ್ನ ಮಗಳ ಬಗ್ಗೆಯೇ ಮಾತಾಡಿದಳು.

"ನಾಕ ವರ್ಷದ್ದದ ರೀ ಬಾಯಿ. ರೊಟ್ಟಿ ಮುರದು ಹಾಲಾಗ ನೆನಿಸಿ ಕೊಟ್ರನ ಉಣ್ತದ. ಇಲ್ಲಂದ್ರ ಹಂಗೇ ಮಲಗತದ. ಅಲ್ಲಿ ಯಾರು ಕೊಡತಾರೋ ಏನೋ."

"ಮಗಳ ಮಾತ ಆಮ್ಯಾಲ. ಮೊದಲ ಅದನ್ನ ಹೇಳು," ಅಂದಳು ತಾಯಿ.

ಅವಳು ಹೇಳಲಿಲ್ಲ. ಅಂದು ಬಹುಪಾಲು ಹೇಳಿದವಳು ತಾಯಿಯೇ.

ಅವಳು ಉದಗೀರದ ಒಂದು ಧಾನ್ಯ ವ್ಯಾಪಾರದ ಮನೆಯ ಸೊಸೆ. ನಾಗಪಂಚಮಿಗೆಂದು ಮಗುವನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ತವರು ಯೆಣೆಗೂರಿನಾಚೆ ಹೆದ್ದಾರಿಗೆ ಹತ್ತಿದ ಹಳ್ಳಿ. ಹೆದ್ದಾರಿ ಅಗಲವಾದ ಮೇಲೆ ಊರು ಈ ಕಡೆ, ಹೊಲ ಆ ಕಡೆ, ನಡುವೆ ಎದೆಮಟ್ಟದ ಸಿಮೆಂಟಿನ ಗೋಡೆ. ದಾಟುವ ಜಾಗ ಎಲ್ಲೋ ದೂರದಲ್ಲಿ. ಬುತ್ತಿ ಹೊತ್ತ ಹೆಂಗಸರು ಗೋಡೆ ಹತ್ತಿ ಇಳಿಯುತ್ತಿದ್ದರು. ಪಂಚಮಿಯ ಮುಂಚಿನ ವಾರ ಹಾಗೆ ಇಳಿದ ಒಬ್ಬಳು ಲಾರಿಗೆ ಸಿಕ್ಕು ಸತ್ತಳು. ಹಬ್ಬದ ಮರುದಿನ ಊರ ಹೆಂಗಸರು ದಾರಿ ಕೊಡಿ ಎಂದು ರಸ್ತೆಯ ಮೇಲೆ ಕುಳಿತರು. ತಾಯಿ ಹೊರಟಳು, ಮಗಳು ಮಗುವನ್ನು ಅತ್ತಿಗೆಯ ಕೈಗೆ ಕೊಟ್ಟು ಅವಳ ಹಿಂದೆ ಹೋದಳು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪೊಲೀಸರು ಒಂಬತ್ತು ಜನರನ್ನು ವ್ಯಾನಿಗೆ ಹತ್ತಿಸಿದರು.

ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ಆ ಠಾಣೆಯ ಹಿಂಬದಿಯ ಕೋಣೆಯಲ್ಲಿ ಅವರನ್ನು ಕೂರಿಸಿದರು.

"ಸೀರಿಯಾಗ ಪೆಟ್ರೋಲ್ ಬಾಟ್ಲಿ ಮುಚ್ಚಿಟ್ಟೀರಿ, ಝಡತಿ ಕೊಡ್ರಿ, ಮೈ ತಪಾಸ ಮಾಡ್ತೀವಿ ಅಂದ್ರು," ಎಂದಳು ತಾಯಿ. "ಒಬ್ಬಾಕಿ ಪೋಲೀಸಿನ ಹುಡಿಗಿ ಇದ್ಳು. ಹೊರಗ ಖುರ್ಚಿ ಮ್ಯಾಲ ಸಾಹೇಬ ಕುಂತಿದ್ದ. ಅಂವಾ ಹೇಳೂದು, ಈಕಿ ಮಾಡೂದು. ಬಾಗಲಾ ತೆರದೇ ಇತ್ತು. ಬಾಗಲದಾಗ ಮೂರು ಗಂಡಸ್ರು. ನನ್ನ ಕೊರಳಾಗಿನ ಲಿಂಗಾ ತಗದು ಟೇಬಲ್ ಮ್ಯಾಲ ಇಡು ಅಂದ್ರು. ಮದವಿಯಾದ ದಿನದಿಂದ ಅದು ಕೊರಳ ಬಿಟ್ಟಿದ್ದಿಲ್ಲ ಬಾಯಿ."

ಆಗ ಮಗಳು ತಲೆ ಎತ್ತದೆ ಒಂದೇ ಮಾತು ಹೇಳಿದಳು.

"ಸೀರಿ ಬಿಚ್ಚಿಸಿದ್ರು. ಅವ್ವಂದೂ, ನಂದೂ. ಒಬ್ಬರ ಮುಂದ ಒಬ್ಬರದು."

ಒಂಬತ್ತು ಜನರನ್ನೂ ಹಾಗೆಯೇ ಎರಡೂವರೆ ತಾಸು ನೆಲದ ಮೇಲೆ ಕೂರಿಸಿದ್ದರು. ಸೀರೆ ಕೊಡಿ ಎಂದು ಎದ್ದು ನಿಂತದ್ದಕ್ಕೆ ಇವಳ ಕೆನ್ನೆಗೆ ಏಟು ಬಿತ್ತು. ನಾಲ್ಕರ ಮೇಲೆ ಸೀರೆಗಳನ್ನು ಒಟ್ಟಾಗಿ ಒಳಗೆ ಎಸೆದು, ಐದಕ್ಕೆ ಹೋಗಿ ಎಂದರು. ಒಂದು ಚೀಟಿಯನ್ನೂ ಕೊಡಲಿಲ್ಲ.

ಮರುದಿನ ಗಂಡ ಜೀಪು ತಂದು ಮಗುವನ್ನು ಒಯ್ದ. "ಎರಡ ದಿನಾ ಅಲ್ಲಿರ್ಲಿ, ಈ ಗದ್ದಲಾ ಮುಗೀಲಿ," ಎಂದಿದ್ದನಂತೆ. ಆ ಮಾತಿಗೆ ಆಗಲೇ ಹನ್ನೆರಡು ದಿನವಾಗಿತ್ತು.

ಕೆಲಸ ಶುರುವಾಯಿತು. ಠಾಣೆಯ ಕ್ಯಾಮೆರಾದ ಆ ದಿನದ ದೃಶ್ಯ ಅಳಿಸಬೇಡಿ ಎಂದು ಅಂದೇ ಮೇಲಧಿಕಾರಿಗೆ ರಜಿಸ್ಟರ್ ಪತ್ರ ಹಾಕಿದೆ. ಇಂಥ ದೃಶ್ಯಗಳ ಮೇಲೆ ಕೆಲವು ದಿನಗಳಲ್ಲಿ ಹೊಸ ದೃಶ್ಯ ಬಂದು ಕೂತುಬಿಡುತ್ತದೆ, ಆದ್ದರಿಂದ ಮೊದಲ ಓಟ ಅದರ ಹಿಂದೆಯೇ. ಕ್ಯಾಮೆರಾ ನಾದುರುಸ್ತ ಇತ್ತು ಎಂದು ಉತ್ತರ ಬಂತು. ಎಂದಿನಿಂದ ಕೆಟ್ಟಿತ್ತು ಎಂದು ಕೇಳಿದ ಎರಡನೆಯ ಪತ್ರಕ್ಕೆ ಉತ್ತರವೇ ಇಲ್ಲ.

ಎರಡನೆಯದು ವೈದ್ಯರ ಕಾಗದ. ಆ ಸಂಜೆಯೇ ಅವರು ಒಂದು ಸರಕಾರಿ ದವಾಖಾನೆಗೆ ಹೋಗಿದ್ದರೆಂದು ತಿಳಿದು ನನಗೆ ಆಸೆ ಹುಟ್ಟಿತು. ನಕಲು ತರಿಸಿದೆ. ಇವಳ ಹೆಸರಿನ ಮುಂದೆ ಮರಾಠಿಯಲ್ಲಿ "ತಕ್ರಾರ ನಾಹೀ", ದೂರು ಏನೂ ಇಲ್ಲ ಎಂದು ಬರೆದಿತ್ತು.

"ನೀನು ಡಾಕ್ಟರ ಮುಂದ ಹೇಳಲಿಲ್ಲೇನು?" ಎಂದು ಕೇಳಿದೆ.

"ಕಾಯ್ ತ್ರಾಸ ಆಹೇ ಅಂದ್ರು. ಬಾಗಲದಾಗ ಅದೇ ಠಾಣಾದ ಪೋಲೀಸ ನಿಂತಿದ್ದ. ಕಾಯ್ ನಾಹೀ, ಏನಿಲ್ಲ ಅಂದೆ."

ಮೂರನೆಯ ಪೆಟ್ಟು ದೊಡ್ಡದು. ನಮ್ಮ ದೂರಿನ ವಿಚಾರಣೆಯನ್ನು ಬೇರೆ ಠಾಣೆಯ ಒಬ್ಬ ಮಹಿಳಾ ಅಧಿಕಾರಿಗೆ ವಹಿಸಿದರು. ಕೆಟ್ಟವರಲ್ಲ, ಕುರ್ಚಿ ಕೊಟ್ಟು ನೀರು ತರಿಸಿ ತಾಳ್ಮೆಯಿಂದ ಕೇಳಿದರು. ಇವಳಿಗೆ ಬರುವ ಮರಾಠಿ ಪೇಟೆಯ ಮರಾಠಿ, ಕಾಳು ತೂಗುವಷ್ಟು, ನೆರೆಯವರ ಜೊತೆ ಮಾತಾಡುವಷ್ಟು. ಈ ಸಂಗತಿಯನ್ನು ಅವಳು ಕನ್ನಡದಲ್ಲೇ ಹೇಳಿದಳು. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಅದನ್ನು ಮರಾಠಿಗೆ ತಿರುಗಿಸಿದ, ಇನ್ನೊಬ್ಬ ಟೈಪು ಮಾಡಿದ. ಸಹಿಗೆ ಮುಂಚೆ ಕಾಗದ ನನ್ನ ಕೈಗೆ ಬಂತು. ಓದುತ್ತ ಹೋದವಳು ಒಂದು ಸಾಲಿಗೆ ನಿಂತೆ.

"ಝಡತೀಚ್ಯಾ ವೇಳೀ ಮಾಝೀ ಸಾಡೀ ಸುಟಲೀ."

ತಪಾಸಣೆಯ ಹೊತ್ತಿಗೆ ನನ್ನ ಸೀರೆ ಬಿಚ್ಚಿತು. ಅಷ್ಟೇ. ಗಾಳಿಗೆ ಬಿಚ್ಚಿದ ಹಾಗೆ, ನಿರಿಗೆ ಸಡಿಲಾದ ಹಾಗೆ. ಅವಳು ಹೇಳಿದ್ದು "ಬಿಚ್ಚಿಸಿದ್ರು" ಎಂದು. ಅದರಲ್ಲಿ ಮಾಡಿಸಿದವರೊಬ್ಬರು ಇದ್ದಾರೆ. "ಸುಟಲೀ"ಯಲ್ಲಿ ಯಾರೂ ಇಲ್ಲ, ಸೀರೆಯೊಂದೇ ಇದೆ. ಮರಾಠಿಯಲ್ಲಿ ಆ ಮಾತಿಲ್ಲವೆಂದಲ್ಲ. "ಕಾಢಾಯಲಾ ಲಾವಲೀ", ತೆಗೆಯಲು ಹಚ್ಚಿದರು, ಎಂದು ಯಾವ ಮಗುವಾದರೂ ಹೇಳೀತು.

ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಆಮೇಲಿನದೆಲ್ಲ ಮರಾಠಿ, ಗಂಡನ ಮನೆಯೂ ಮರಾಠಿಯದೇ. ಅವ್ವ ಇರುವತನಕ ದಿನಕ್ಕೊಮ್ಮೆ ಫೋನಿನಲ್ಲಾದರೂ ಕನ್ನಡ ಆಡುತ್ತಿದ್ದೆ. ಅವ್ವ ಹೋಗಿ ಮೂರು ವರ್ಷವಾಗಿತ್ತು. "ಉಂಡೀ?" ಎಂದು ನನ್ನನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಆ ಕಾಗದ ಹಿಡಿದು ನಿಂತಾಗ, ಇದನ್ನು ಅವ್ವನಿಗೆ ಓದಿ ಹೇಳಿದ್ದರೆ ಅವಳಿಗೆ ತಟ್ಟನೆ ತಿಳಿಯುತ್ತಿತ್ತು ಎನ್ನಿಸಿತು. ಇಲ್ಲಿ ಯಾರಿಗೆ ವಿವರಿಸಲಿ?

"ಸಹಿ ಮಾಡಬ್ಯಾಡ," ಅಂದೆ.

ಅಧಿಕಾರಿಗೆ ತಪ್ಪು ತೋರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಆ ಪೊಲೀಸ್ ಹುಡುಗಿ ತಪಾಸಣೆಯ ನೆಪದಲ್ಲಿ ಸೀರೆ ತೆಗೆದಳು ಎಂದು ತಿದ್ದಿ ಬರೆಯುವುದಾಗಿ ಹೇಳಿದರು. ಆ ಹುಡುಗಿಯ ಮೇಲೆ ಕ್ರಮ ಆಗುತ್ತದೆ, ರಸ್ತೆ ತಡೆದದ್ದಕ್ಕೆ ಹೆಂಗಸರ ಮೇಲೆ ಕೇಸು ಬರುವುದಿಲ್ಲ, ಎರಡು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ ಎಂದರು. ನಾಲ್ಕು ದಿನದ ಸಮಯ ಕೇಳಿ ಹೊರಬಂದೆ.

ಅಷ್ಟರಲ್ಲಿ ಉಳಿದ ಏಳು ಜನ ಹಿಂದೆ ಸರಿದಿದ್ದರು. ಒಬ್ಬಳ ಮದುವೆ ಗೊತ್ತಾಗಿತ್ತು, ಒಬ್ಬಳ ಗಂಡ ಬೇಡವೆಂದಿದ್ದ. ನಾನು ಯಾರನ್ನೂ ಒತ್ತಾಯಿಸಲಿಲ್ಲ. ಇವಳ ಅತ್ತೆ ಉದಗೀರದಿಂದ ಫೋನು ಮಾಡಿ, "ಪ್ರಕರಣ ಮಿಟ್ಟಿಸ್ಕೊಂಡು ಬಾ. ಪ್ಯಾಟ್ಯಾಗ ಮಾವನ ಮುಖ ನೋಡಿ ಮಂದಿ ಪಿಸಿಪಿಸಿ ಮಾತಾಡ್ಲಿಕತ್ತಾರ. ಅಲ್ಲಿತನಕ ಕೂಸು ಇಲ್ಲೇ ಇರ್ತದ," ಎಂದಿದ್ದಳು.

ನಾನು ಬಸ್ಸು ಹತ್ತಿ ನಿಲಂಗಾಕ್ಕೆ ಹೋದೆ. ನನಗೆ ಕೆಲಸ ಕಲಿಸಿದ ಹಿರಿಯ ವಕೀಲರು ಅಲ್ಲಿರುತ್ತಾರೆ. ಕಣ್ಣು ಮಂಜಾಗಿ ಈಗ ಕೋರ್ಟಿಗೆ ಬರುವುದಿಲ್ಲ. ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿದರು.

"ಆ ಪೋಲೀಸಿನ ಹುಡಿಗಿ ಮ್ಯಾಲ ಹಾಕಿದ್ರ ಲಗೂನ ಮುಗೀತದ," ಎಂದರು. "ಆದ್ರ ಪೋಲೀಸರ ತಾಬಾದಾಗಿದ್ದ ಹೆಣ್ಮಗಳಿಗಿ ಆದದ್ದಕ್ಕ ಜವಾಬು ಕೊಡಬೇಕಾದ್ದು ಸರಕಾರ. ಸರಕಾರನ್ನ ಕಟಕಟಿಗಿ ತರಬೇಕಂದ್ರ ಮೊದಲ ಇಲ್ಲಿ ಮ್ಯಾಜಿಸ್ಟ್ರೇಟ ಮುಂದ ಖಾಸಗಿ ಫಿರ್ಯಾದಿ, ಆಮ್ಯಾಲ ಹೈಕೋರ್ಟಿಗಿ ಅರ್ಜಿ. ವರ್ಷ ಹಿಡೀತದ."

"ಏನು ಮಾಡ್ಲಿ ಸರ್?"

"ಕಾನೂನು ನನ್ನ ಕೇಳು. ಆ ವರ್ಷ ಆಕಿದು. ಆಕಿನ್ನ ಕೇಳು."

ಮರುದಿನ ಅವಳ ತವರಿಗೇ ಹೋದೆ. ಅಂಗಳದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಎರಡೂ ದಾರಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಮೊದಲನೆಯದಾದರೆ ದೀಪಾವಳಿಗೆ ಮುಂಚೆ ಮಗಳ ಹತ್ತಿರ ಹೋಗಬಹುದು. ಎರಡನೆಯದಾದರೆ ಯಾವಾಗ ಎಂದು ನಾನು ಹೇಳಲಾರೆ.

ಮೊರ ಕೆಳಗಿಟ್ಟಳು.

"ಆ ಪೋಲೀಸಿನ ಹುಡಿಗಿಗಿ ಪಿನ್ನ ತಗೀಲಿಕ್ಕ ಬರವಲ್ದಾಗಿತ್ತು ರೀ," ಎಂದಳು. "ಕಣ್ಣಾಗ ನೀರ ಬಂದಿತ್ತು. ಆಕಿ ಬಿಚ್ಚಿದ್ದಲ್ಲ, ಆಕಿ ಕಡಿಂದ ಬಿಚ್ಚಿಸಿದ್ರು. ಆಕಿನೊಬ್ಬಾಕಿನ್ನ ಮನಿಗಿ ಕಳಿಸಿದ್ರ ಖುರ್ಚಿ ಮ್ಯಾಲ ಕುಂತಾಂವಾ ನಾಳಿ ಮತ್ತೊಬ್ಬಾಕಿ ಕಡಿಂದ ಮಾಡಸ್ತಾನ." ಮತ್ತೆ ಮೊರ ಎತ್ತಿಕೊಂಡಳು. "ನಾ ಹೇಳಿದ್ದು ಹಂಗಂದ್ರ ಹಂಗೇ ಬರೀಬೇಕು. ಆಗ್ತದೇನ್ರೀ?"

"ಪ್ರಯತ್ನ ಮಾಡ್ತೀನಿ," ಅಂದೆ.

ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದಿ ಹಾಕಿದೆ. ಜೊತೆಗೆ, ಫಿರ್ಯಾದಿಯ ಪ್ರಮಾಣದ ಹೇಳಿಕೆಯನ್ನು ಅವಳ ಮಾತಿನಲ್ಲಿ, ಕನ್ನಡ ಲಿಪಿಯಲ್ಲೇ ಬರೆಸಿಕೊಂಡು ಪಕ್ಕದಲ್ಲಿ ಮರಾಠಿ ಇರಲಿ ಎಂದು ಇನ್ನೊಂದು ಅರ್ಜಿ. ಮ್ಯಾಜಿಸ್ಟ್ರೇಟ್ ಕೊಂಕಣದ ಕಡೆಯ ತರುಣಿ, ಕನ್ನಡದ ಒಂದಕ್ಷರ ಗೊತ್ತಿಲ್ಲ. ಅರ್ಜಿಯನ್ನು ಎರಡು ಸಲ ಓದಿದರು.

"ಅವರಿಗೆ ಮರಾಠಿ ತಿಳಿಯುತ್ತದಲ್ಲ?" ಎಂದು ಕೇಳಿದರು.

"ತಿಳಿಯುತ್ತದೆ ಮೇಡಂ. ಆದರೆ ಈ ಘಟನೆ ಅವರಿಗೆ ಕನ್ನಡದಲ್ಲಿ ಆಗಿದೆ," ಎಂದು ಮರಾಠಿಯಲ್ಲಿ ಹೇಳಿದೆ. ಹೇಳಿದ ಮೇಲೆ ನನಗೇ ಸಂಕೋಚವಾಯಿತು. ಅವರು ನಗಲಿಲ್ಲ. ಅರ್ಜಿ ಒಪ್ಪಿ, ದುಭಾಷಿಯನ್ನು ಹುಡುಕಿ ತರಲು ಹೇಳಿದರು.

ಹುಡುಕುವುದರಲ್ಲೇ ಏಳು ವಾರ ಕಳೆಯಿತು. ಮೊದಲು ಒಪ್ಪಿದ ಮಾಸ್ತರರು ಪೊಲೀಸರ ವಿಷಯ ಎಂದು ತಿಳಿದು ಕೈಕೊಟ್ಟರು. ಒಂದು ತಾರೀಖಿನಂದು ಮ್ಯಾಜಿಸ್ಟ್ರೇಟ್ ರಜೆಯಲ್ಲಿದ್ದರು. ಕೊನೆಗೆ ಒಂದು ಕನ್ನಡ ಶಾಲೆಯ ಬಾಯಿಯವರು, ನಿವೃತ್ತಿಗೆ ಹತ್ತಿರವಾದ ಶಿಕ್ಷಕಿ, "ಬರ್ತೀನಿ, ನಂದೇನ ಕಿತ್ಕೋತಾರ" ಎಂದು ಒಪ್ಪಿದರು. ಆ ಏಳು ವಾರದಲ್ಲಿ ದೀಪಾವಳಿ ಬಂದು ಹೋಯಿತು. ಅವಳು ಮಗಳಿಗೆಂದು ಹೊಲಿಸಿದ ಉದ್ದ ಲಂಗವನ್ನು, ಪರಕರವನ್ನು, ಉದಗೀರಕ್ಕೆ ಹೋಗುವ ಪರಿಚಯದವರ ಕೈಯಲ್ಲಿ ಕಳಿಸಿದಳು. ಹೋದವರು ಬಂದು, ಮಗು ಬೆಳೆದಿದೆ, ಪರಕರ ಎರಡು ಬೆರಳು ಗಿಡ್ಡವಾಯಿತು ಎಂದರು. ಅವಳು ಅದನ್ನು ನನಗೆ ಫೋನಿನಲ್ಲಿ ಹೇಳಿ, "ಅಳತಿ ತಪ್ತು ನೋಡ್ರಿ," ಎಂದಳು.

ಹೇಳಿಕೆ ದಾಖಲಾದ ದಿನ ಕೋಣೆಯ ಬಾಗಿಲು ಮುಚ್ಚಿಸಿದ್ದರು. ಒಳಗೆ ಮ್ಯಾಜಿಸ್ಟ್ರೇಟ್, ಬರಹಗಾರ್ತಿ, ಶಾಲೆಯ ಬಾಯಿ, ಅವಳು, ನಾನು. ಅವಳು ಒಂದೊಂದೇ ಮಾತು ಹೇಳಿದಳು, ಬಾಯಿ ಅದನ್ನು ದುಂಡಗಿನ ಶಾಲೆಯ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಓದಿ, ಮರಾಠಿಗೆ ತಿರುಗಿಸಿದರು. "ಬಿಚ್ಚಿಸಿದ್ರು" ಎಂಬ ಮಾತು ಬಂದಾಗ ಬಾಯಿಯ ಪೆನ್ನು ನಿಂತಿತು. ಕಣ್ಣೊರೆಸಿಕೊಂಡು ಮೂರು ಮಾತುಗಳನ್ನು ಮ್ಯಾಜಿಸ್ಟ್ರೇಟರಿಗೆ ಬಿಡಿಸಿ ಹೇಳಿದರು: ಬಿಚ್ಚಿತು ಎಂದರೆ ತಾನಾಗಿ, ಬಿಚ್ಚಿದೆ ಎಂದರೆ ನಾನೇ, ಬಿಚ್ಚಿಸಿದರು ಎಂದರೆ ಅವರು ಮಾಡಿಸಿದರು. ಮ್ಯಾಜಿಸ್ಟ್ರೇಟ್ ಅದನ್ನು ತಮ್ಮ ಕೈಯಿಂದಲೇ ಅಂಚಿನಲ್ಲಿ ಬರೆದುಕೊಂಡರು. ತಾಯಿಯ ಹೇಳಿಕೆಯೂ ಅಂದೇ ಆಯಿತು. ಲಿಂಗ ಮರಳಿ ಕೊಟ್ಟರೇ ಎಂದು ಕೇಳಿದಾಗ ತಾಯಿ, "ಕೊಟ್ರು. ತೊಳದು ಕಟ್ಕೊಂಡೆ. ಆದ್ರ ಇನ್ನೂ ಪೂಜಾಕ್ಕ ಕುಂತ್ರ ಆ ಟೇಬಲ್ಲೇ ಕಾಣಸ್ತದ," ಎಂದಳು.

ಹೈಕೋರ್ಟಿಗೆ ಅರ್ಜಿ ಹಾಕಿದೆ, ಆದರೆ ಅಲ್ಲಿ ಈ ಹೇಳಿಕೆಗಳಷ್ಟೇ ಸಾಲವು ಎಂದು ನನಗೆ ಗೊತ್ತಿತ್ತು. ಸರಕಾರದ ಉತ್ತರ ನಾನು ಅಂದುಕೊಂಡಂತೆಯೇ ಬಂತು: ಯಾರನ್ನೂ ತಾಬಾಕ್ಕೆ ತೆಗೆದುಕೊಂಡಿಲ್ಲ, ಹೆಂಗಸರು ತಾವಾಗಿಯೇ ಮನವಿ ಕೊಡಲು ಬಂದು ಕೊಟ್ಟು ಹೋದರು. ಠಾಣೆಯ ದಿನಚರಿಯಲ್ಲೂ ಹಾಗೆಯೇ ಇತ್ತು. ತಾಬಾ ಇಲ್ಲವೆಂದ ಮೇಲೆ ಜವಾಬ್ದಾರಿಯೂ ಇಲ್ಲ.

ನನಗೆ ವ್ಯಾನು ನೆನಪಾಯಿತು. ಪೊಲೀಸರ ಪ್ರತಿ ಗಾಡಿಗೂ ಒಂದು ಲಾಗ್‌ಬುಕ್ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ಎಂದು ಚಾಲಕ ಬರೆಯಬೇಕು. ಅದು ಠಾಣೆಯಲ್ಲಿ ಅಲ್ಲ, ಗಾಡಿಗಳ ವಿಭಾಗಕ್ಕೆ ಹೋಗುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಕೊಡುವುದಿಲ್ಲ ಎಂದರು. ಮೇಲ್ಮನವಿ ಹಾಕಿದೆ. ಮೂರು ತಿಂಗಳ ಮೇಲೆ ಒಂದೇ ಪುಟದ ನಕಲು ಬಂತು. ಆ ದಿನದ ಸಾಲಿನಲ್ಲಿ, ಹೆದ್ದಾರಿಯಿಂದ ಠಾಣೆಗೆ, ಹನ್ನೆರಡು ಗಂಟೆ ಹತ್ತು ನಿಮಿಷ, "ಮಹಿಲಾ ಆಂದೋಲಕ ೯", ಚಳವಳಿಯ ಹೆಂಗಸರು ಒಂಬತ್ತು, ಎಂದು ನೀಲಿ ಶಾಯಿಯಲ್ಲಿತ್ತು. ಕೆಳಗೆ ಚಾಲಕನ ಸಹಿ. ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದ. ಅವನಿಗೂ ಸುಳ್ಳು ಬರೆಯಲು ಹೇಳಬೇಕೆಂಬುದು ಯಾರಿಗೂ ನೆನಪಾಗಿರಲಿಲ್ಲ.

ಅದರ ಮೇಲೆ ಹೈಕೋರ್ಟ್ ಪೀಠದ ಮುಂದೆ ವಾದ ಹೆಚ್ಚು ಹೊತ್ತು ನಡೆಯಲಿಲ್ಲ. ಎದ್ದು ಹೋಗಲು ಬಿಡದಿದ್ದರೆ ಅದು ತಾಬಾವೇ, ಆ ಹೊತ್ತಿನಲ್ಲಿ ಆ ಹೆಂಗಸರ ಮೈಮಾನಕ್ಕೆ ಸರಕಾರವೇ ಹೊಣೆ, ಯಾವ ಕೈ ಮಾಡಿತು ಎಂಬುದರಿಂದ ಆ ಹೊಣೆ ಕಡಿಮೆಯಾಗುವುದಿಲ್ಲ ಎಂಬ ಅರ್ಥದ ಆದೇಶ ಬಂತು. ಪರಿಹಾರ ಕೊಡಬೇಕು, ಆಜ್ಞೆ ಕೊಟ್ಟವರು ಯಾರೆಂದು ಹೊರಗಿನ ಹಿರಿಯ ಅಧಿಕಾರಿಯಿಂದ ಇಲಾಖಾ ವಿಚಾರಣೆ ಆಗಬೇಕು.

ಫೋನಿನಲ್ಲಿ ಹೇಳಿದೆ. "ಹೌದೇನ್ರೀ," ಎಂದಳು. ಆಮೇಲೆ, "ನಾಳಿ ಉದಗೀರಕ್ಕ ಹೋಗಾಮೇನ್ರೀ?"

ಇಬ್ಬರೂ ಉಮರ್ಗಾದಿಂದ ಬಸ್ಸು ಹತ್ತಿದೆವು. ನಿಲಂಗಾದಲ್ಲಿ ಬಸ್ಸು ನಿಂತಾಗ ನಾನು ಚಹಾ ಕುಡಿದೆ, ಅವಳು ಕೆಳಗಿಳಿಯಲಿಲ್ಲ. ಮಗುವನ್ನು ಕಾನೂನಿನಿಂದ ಪಡೆಯಬಹುದು, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಎಂದು ನಾನು ಹಿಂದೆ ಎಷ್ಟೋ ಸಲ ಹೇಳಿದ್ದೆ. ದಾರಿಯಲ್ಲಿ ಇನ್ನೊಮ್ಮೆ ಹೇಳಿದೆ.

"ಆದೇಶ ತಂದ್ರ ಯಾರು ಬರ್ತಾರ ಜೋಡಿಗಿ? ಪೋಲೀಸ್ರೇ ಅಲ್ಲೇನ್ರೀ?" ಎಂದಳು. "ನನ್ನ ಕೂಸು ಪೋಲೀಸ್ರನ್ನ ಬಾಗಲದಾಗ ನೋಡಬಾರ್ದು."

ಮನೆಯಲ್ಲಿ ಮಾವ ಅಂಗಡಿಗೆ ಹೋಗಿದ್ದರು. ಗಂಡ ಒಳಗಿದ್ದವನು ಹೊರಬಂದು ನೀರು ಕೊಟ್ಟು ನಿಂತ. ಮಗು ಅಜ್ಜಿಯ ಸೆರಗಿನ ಹಿಂದೆ ಸರಿಯಿತು. ಅವಳು ಕೈ ಚಾಚಲಿಲ್ಲ. ನೆಲದ ಮೇಲೆ ಕುಳಿತು, ಡಬ್ಬಿ ತೆಗೆದು, ರೊಟ್ಟಿ ಮುರಿದು ಹಾಲಿನಲ್ಲಿ ಹಾಕಿ ನೆನೆಯಲು ಬಿಟ್ಟಳು. ಸ್ವಲ್ಪ ಹೊತ್ತಿಗೆ ಮಗು ತಾನೇ ಬಂದು ಪಕ್ಕದಲ್ಲಿ ಕುಳಿತಿತು. "ಮಲಾ ದೇ," ನನಗೆ ಕೊಡು, ಎಂದು ಓಣಿಯಲ್ಲಿ ಕಲಿತ ಮರಾಠಿಯಲ್ಲಿ ಕೇಳಿತು. ಅವಳು ಉಣಿಸಿದಳು.

ಅತ್ತೆ ಮಗನಿಗೆ ಕೇಳದಂತೆ ಧ್ವನಿ ತಗ್ಗಿಸಿದಳು. "ಖರೇನ ಹಂಗ ಮಾಡಿದ್ರೇನ?"

"ಮಾಡಿದ್ರು ಅತ್ತಿ."

"ನಿಮ್ಮವ್ವನ ಮುಂದ?"

"ಹೂಂ."

ಅತ್ತೆ ಮಗುವಿನ ಬಾಯಿ ಒರೆಸಿ, "ಶನಿವಾರ ಶನಿವಾರ ಬಾ. ಮಾವಗ ನಾ ಹೇಳ್ತೀನಿ," ಎಂದಳು. ಇದ್ದುಬಿಡು ಎನ್ನಲಿಲ್ಲ. ಮರಳಿ ಬರುವಾಗ ಇವಳು ಬಸ್ಸಿನಲ್ಲಿ ತನ್ನ ಅಂಗೈಯನ್ನು ಮೂಗಿಗೆ ಹಿಡಿದುಕೊಂಡೇ ಕುಳಿತಿದ್ದಳು, ಅದಕ್ಕೆ ಮಗುವಿನ ತಲೆಯೆಣ್ಣೆ ಹತ್ತಿತ್ತು.

ಆಷಾಢದಲ್ಲಿ ಇಲಾಖಾ ವಿಚಾರಣೆ ನಡೆಯಿತು. ಹಿರಿಯ ಅಧಿಕಾರಿ, ಒಬ್ಬ ಕಾರಕೂನ, ಅದೇ ಶಾಲೆಯ ಬಾಯಿ. ಖುರ್ಚಿಯ ಸಾಹೇಬ ಈಗ ಎದುರಿನ ಬೆಂಚಿನಲ್ಲಿ ಕುಳಿತಿದ್ದ. ಅವಳು ಅವನ ಕಡೆ ನೋಡಿಯೇ ಬೆರಳು ತೋರಿಸಿದಳು. ಆ ಪೊಲೀಸ್ ಹುಡುಗಿಯೂ ಸಾಕ್ಷಿಯಾಗಿ ಬಂದು, ಆಜ್ಞೆ ಅವನದೇ ಎಂದಳು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅಧಿಕಾರಿ ಕಾಗದ ಜೋಡಿಸುತ್ತ ಕೊನೆಯದೊಂದನ್ನು ಕೇಳಿದರು, ಒಟ್ಟು ಎಷ್ಟು ಹೊತ್ತು ಅಲ್ಲಿ ಇಟ್ಟುಕೊಂಡಿದ್ದರು?

"ಐದ ತಾಸು. ಅದರಾಗ ಎರಡೂವರಿ ತಾಸು ಸೀರಿ ಇಲ್ಲದ," ಎಂದಳು. ಬಾಯಿ ಅದನ್ನು ಮರಾಠಿಗೆ ತಿರುಗಿಸುವ ಮೊದಲೇ ಮುಂದುವರಿಸಿದಳು. "ಮತ್ತ ಮಗಳನ್ನ ಬಿಟ್ಟು ಹನ್ನೊಂದು ತಿಂಗಳು."

ಅಧಿಕಾರಿ ತಲೆ ಎತ್ತಿದರು. ಅದು ಮನೆಯ ವಿಷಯ, ಈ ವಿಚಾರಣೆಗೆ ಸಂಬಂಧವಿಲ್ಲ, ಬರೆಯುವುದು ಬೇಡ ಎಂದು ಕಾರಕೂನನಿಗೆ ಹೇಳಿದರು.

"ಬರೀರಿ ಸಾಹೇಬ್ರ," ಎಂದಳು ಅವಳು. "ಅದೂ ಅಲ್ಲೇ ಆಗಿದ್ದು."

ಕಾರಕೂನ ಅಧಿಕಾರಿಯ ಮುಖ ನೋಡಿದ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಮತ್ತೆ ಹೇಳಲಿಲ್ಲ. ಅವನು ಬರೆದುಕೊಂಡ.